ಒಂದೇ ಫಾರಂ, ಬೇರೆ ಬೇರೆ ಗುಂಡಿ

ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ತಮ್ಮೂರಿನ ಗ್ರಂಥಾಲಯಕ್ಕಾಗಿ ಅವರು ಒಂದು ಸಣ್ಣ ತಂತ್ರಾಂಶವನ್ನು ಸಿದ್ಧಪಡಿಸುತ್ತಿದ್ದಾರೆ. ಬಳಸುವ ಭಾಷೆ ಸಿ ಶಾರ್ಪ್. ಓಡಬೇಕಾದುದು ಗ್ರಂಥಪಾಲಕರ ಮೇಜಿನ ಮೇಲಿರುವ ವಿಂಡೋಸ್ ಗಣಕದಲ್ಲಿ. ಹೊಸ ಪುಸ್ತಕವನ್ನು ದಾಖಲಿಸಲು ಒಂದು ಫಾರಂ ಈಗಾಗಲೇ ಸಿದ್ಧವಾಗಿದೆ: ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಬೆಲೆ, ಕಪಾಟಿನ ಸಂಖ್ಯೆ, ಕೆಳಗೆ ‘ಉಳಿಸಿ’ ಎಂಬ ಗುಂಡಿ. ಇನ್ನು ದಾಖಲಾದ ವಿವರವನ್ನು ತಿದ್ದುವುದಕ್ಕೂ, ಕಳೆದುಹೋದ ಪುಸ್ತಕವನ್ನು ಪಟ್ಟಿಯಿಂದ ತೆಗೆಯುವುದಕ್ಕೂ ಫಾರಂ ಬೇಕು. ಮೂರರಲ್ಲಿಯೂ ಇರುವ ಮನೆಗಳು ಅವೇ. ಬೇರೆಯಾಗುವುದು ಗುಂಡಿಯ ಕೆಲಸ ಮಾತ್ರ. “ಒಂದನ್ನೇ ಮೂರು ಸಲ ನಕಲು ಮಾಡಿಕೊಳ್ಳಲೇ, ಅಥವಾ ಒಂದರಿಂದಲೇ ಮೂರು ಕೆಲಸ ಮಾಡಿಸಲೇ? ಗೆಳತಿಯರು ನಕಲೇ ಸುಲಭ ಎನ್ನುತ್ತಾರೆ” ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಇದೇ ಪ್ರಶ್ನೆಗೆ ಒಮ್ಮೆ ತಪ್ಪು ಉತ್ತರವನ್ನು ಕಂಡುಕೊಂಡು, ತಪ್ಪು ಮಾಡದ ಒಬ್ಬ ಸಜ್ಜನರನ್ನು ಸಂಶಯಕ್ಕೆ ಗುರಿಮಾಡಿದವನು ನಾನು. ಆದುದರಿಂದ ಈ ವಾರದ ಅಂಕಣವನ್ನು ಸಂಪೂರ್ಣವಾಗಿ ಈ ಪತ್ರಕ್ಕೇ ಮೀಸಲಿಡುತ್ತಿದ್ದೇನೆ.

ಒಂದೇ ನಮೂನೆಯನ್ನು ಹಲವು ಕೆಲಸಗಳಿಗೆ ಬಳಸುವುದು ಗಣಕದಿಂದ ಬಂದ ಪದ್ಧತಿಯಲ್ಲ. ಪಡಿತರ ಚೀಟಿಗೆ ಹೆಸರು ಸೇರಿಸುವುದಕ್ಕೂ, ತೆಗೆಯುವುದಕ್ಕೂ, ತಿದ್ದುವುದಕ್ಕೂ ಒಂದೇ ಅರ್ಜಿಯನ್ನು ತುಂಬಿದವರು ನಮ್ಮಲ್ಲಿ ಅನೇಕರಿದ್ದಾರೆ. ಅಂತಹ ಅರ್ಜಿಯ ಮೇಲ್ಭಾಗದಲ್ಲಿ ‘ಅನ್ವಯಿಸದಿರುವುದನ್ನು ಹೊಡೆದುಹಾಕಿ’ ಎಂಬ ಸಾಲು ಇರುತ್ತದೆ. ನಾವು ಹೊಡೆದುಹಾಕುವುದನ್ನು ಮರೆತರೂ ಎದುರು ಕುಳಿತ ಗುಮಾಸ್ತರು ಕಣ್ಣೆತ್ತಿ ಕೇಳುತ್ತಾರೆ: “ಸೇರಿಸಲಿಕ್ಕೋ, ತೆಗೆಯಲಿಕ್ಕೋ?” ಕಾಗದದ ನಮೂನೆ ಇಷ್ಟು ಕಾಲ ನಡೆದುಬಂದುದು ಈ ಪ್ರಶ್ನೆಯ ಬಲದಿಂದ. ಪರದೆಯ ಮೇಲಿನ ಗುಂಡಿಗೆ ಹೀಗೆ ಕೇಳುವ ಶಕ್ತಿಯಿಲ್ಲ. ಒತ್ತಿದ ಕ್ಷಣದಲ್ಲಿ ಅದಕ್ಕೆ ಏನು ಹೇಳಿಡಲಾಗಿದೆಯೋ ಅದನ್ನು ಅದು ಮಾಡಿಬಿಡುತ್ತದೆ. ಏನನ್ನು ಹೇಳಿಡಬೇಕು, ಯಾರು ಹೇಳಬೇಕು, ಎಲ್ಲಿ ನಿಂತು ಹೇಳಬೇಕು ಎಂಬುದೇ ನಮ್ಮ ವಿಚಾರ.

ಮೊದಲನೆಯ ದಾರಿ ನಕಲಿನದು. ಫಾರಮನ್ನು ಪ್ರತಿಮಾಡಿ ಗುಂಡಿಯ ಹಿಂದಿನ ಕೋಡನ್ನಷ್ಟೇ ಬದಲಿಸಿದರೆ ಆ ದಿನದ ಮಟ್ಟಿಗೆ ಎಲ್ಲವೂ ಸುಗಮ. ತೊಂದರೆ ಬರುವುದು ಮುಂದೆ. ಒಂದು ವ್ಯಾಪಾರ ಮಳಿಗೆಯ ಬಿಲ್ಲಿನ ತಂತ್ರಾಂಶದಲ್ಲಿ ಇಂತಹ ನಾಲ್ಕು ನಕಲುಗಳಿದ್ದವು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಸರಕಿನ ಸಂಕೇತ ಸಂಖ್ಯೆಗೆ ಒಂದು ಹೊಸ ಮನೆಯನ್ನು ಸೇರಿಸಬೇಕಾಯಿತು. ಅವಸರದಲ್ಲಿ ಮೂರು ಫಾರಂಗಳಿಗೆ ಸೇರಿಸಿ ನಾಲ್ಕನೆಯದನ್ನು ಮರೆತುಬಿಟ್ಟರು. ಆ ನಾಲ್ಕನೆಯದು ಬಿಲ್ಲನ್ನು ತಿದ್ದುವ ಫಾರಂ. ಯಾರಾದರೂ ಬಿಲ್ಲಿನ ಒಂದು ಅಕ್ಷರವನ್ನು ತಿದ್ದಿದರೆ ಸಂಕೇತ ಸಂಖ್ಯೆ ಅಳಿಸಿಹೋಗುತ್ತಿತ್ತು. ಲೆಕ್ಕಪರಿಶೋಧಕರ ಕಣ್ಣಿಗೆ ಬೀಳುವ ತನಕ ಅದು ಯಾರಿಗೂ ತಿಳಿಯಲಿಲ್ಲ. ನಕಲು ಮಾಡಿದವನು ನಕಲುಗಳ ಸಂಖ್ಯೆಯನ್ನು ಜೀವಮಾನವಿಡೀ ನೆನಪಿನಲ್ಲಿಟ್ಟುಕೊಳ್ಳಬೇಕು. ಅಂತಹ ನೆನಪು ಯಾರಿಗೂ ಇರುವುದಿಲ್ಲ.

ಎರಡನೆಯ ದಾರಿ ನಾನು ಹಿಡಿದದ್ದು. ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮ್ಮ ಕಡೆಯ ಒಂದು ಸಹಕಾರಿ ಸಂಘಕ್ಕೆ ಅಡಿಕೆ ಖರೀದಿಯ ತಂತ್ರಾಂಶವನ್ನು ವಿಷುವಲ್ ಬೇಸಿಕ್ 6ರಲ್ಲಿ ಬರೆದುಕೊಟ್ಟಿದ್ದೆ. ಕೃಷಿಕರ ಹೆಸರು, ಅಡಿಕೆ ಹೊಸತೋ ಹಳತೋ, ಪಟೋರವೋ ಕರಿಗೋಟೋ, ತೂಕ, ದರ, ಇಷ್ಟನ್ನೂ ತುಂಬುವ ಒಂದೇ ಫಾರಂ. ಅದರಲ್ಲಿ ಒಂದೇ ಗುಂಡಿ. ಹೊಸ ಚೀಟಿ ಬರೆಯುವಾಗ ಗುಂಡಿಯ ಮೇಲೆ ‘ಸೇವ್’ ಎಂದು ಇಂಗ್ಲಿಷಿನಲ್ಲಿ ಕಾಣಿಸುತ್ತಿತ್ತು, ತಿದ್ದುವಾಗ ‘ಅಪ್‌ಡೇಟ್’, ರದ್ದುಗೊಳಿಸುವಾಗ ‘ಕ್ಯಾನ್ಸಲ್ ಸ್ಲಿಪ್’. ಗುಂಡಿಯ ಹಿಂದಿನ ಕೋಡ್ ತನ್ನ ಮೇಲಿರುವ ಬರಹವನ್ನೇ ಓದಿ, ಅದು ‘ಸೇವ್’ ಆದರೆ ಹೊಸ ದಾಖಲೆ, ‘ಅಪ್‌ಡೇಟ್’ ಆದರೆ ತಿದ್ದುಪಡಿ, ಎರಡೂ ಅಲ್ಲದಿದ್ದರೆ ರದ್ದು ಎಂದು ತೀರ್ಮಾನಿಸುತ್ತಿತ್ತು. ಮೂರು ಸಾಲಿನಲ್ಲಿ ಮೂರು ಕೆಲಸ. ಬಹಳ ಜಾಣತನದ ಕೆಲಸವೆಂದು ನಾನು ಭಾವಿಸಿದ್ದೆ.

ಎರಡು ವರ್ಷ ಅದು ಸರಿಯಾಗಿಯೇ ನಡೆಯಿತು. ಆಮೇಲೆ ಸಂಘದವರು ನ್ಯಾಯವಾದ ಬೇಡಿಕೆಯನ್ನೇ ಮುಂದಿಟ್ಟರು: ಪರದೆಯ ಮೇಲಿನ ಬರಹವೆಲ್ಲ ಕನ್ನಡದಲ್ಲಿರಬೇಕು. ಆ ಹೊತ್ತಿಗೆ ವಿಂಡೋಸ್ ಎಕ್ಸ್‌ಪಿಯೊಂದಿಗೆ ಯುನಿಕೋಡ್ ಕನ್ನಡವೂ ತುಂಗಾ ಅಕ್ಷರಶೈಲಿಯೂ ಬಂದಿದ್ದವು. ಆದರೆ ವಿಷುವಲ್ ಬೇಸಿಕ್ 6ರ ಸ್ವಂತ ಗುಂಡಿಗಳಿಗೂ ಬರಹಪಟ್ಟಿಗಳಿಗೂ ಯುನಿಕೋಡ್ ತೋರಿಸುವ ಸಾಮರ್ಥ್ಯವಿರಲಿಲ್ಲ. ಆದ್ದರಿಂದ ಆ ಕಾಲದ ಪದ್ಧತಿಯಂತೆ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಹಳೆಯ ಅಕ್ಷರಶೈಲಿಯನ್ನು ಬಳಸಬೇಕಾಯಿತು. ಕಣ್ಣಿಗೆ ‘ಉಳಿಸಿ’ ಎಂದು ಕಾಣುವುದು ಕೋಡಿನ ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಮುದ್ದೆಯಾಗಿರುತ್ತಿತ್ತು. ಒಂದು ಸಂಜೆ ಕುಳಿತು ಎಲ್ಲ ಬರಹಗಳನ್ನೂ ಬದಲಿಸಿದೆ. ಪರದೆ ತುಂಬ ಕನ್ನಡ ಕಂಡು ಸಂಘದವರಿಗೂ ನನಗೂ ಸಂತೋಷವಾಯಿತು. ಒಂದು ಚೀಟಿಯನ್ನು ಮುದ್ರಿಸಿ ನೋಡಿದೆವು. ಮುದ್ರಣ ಅಂದವಾಗಿ ಬಂತು. ನಾನು ಮನೆಗೆ ಹೊರಟೆ.

ಮರುದಿನದಿಂದ ಏನಾಯಿತೆಂಬುದನ್ನು ವಾಚಕರು ಊಹಿಸಬಹುದು. ಗುಂಡಿಯ ಮೇಲಿನ ಬರಹ ‘ಸೇವ್’ ಅಲ್ಲ, ‘ಅಪ್‌ಡೇಟ್’ ಅಲ್ಲ. ಹಾಗಾದರೆ ರದ್ದು! ಹೊಸ ಚೀಟಿಗಳು ದಾಖಲೆಯಲ್ಲಿ ಇನ್ನೂ ಇಲ್ಲದ್ದರಿಂದ ರದ್ದಾಗುವುದಕ್ಕೂ ಏನೂ ಇರಲಿಲ್ಲ. ಅವು ಉಳಿಯಲೇ ಇಲ್ಲ. ತೂಕ ತಿದ್ದಲೆಂದು ತೆರೆದ ಹಳೆಯ ಚೀಟಿಗಳು ಮೌನವಾಗಿ ರದ್ದಾದವು. ಮುದ್ರಣದ ಆಜ್ಞೆ ಮಾತ್ರ ಈ ತೀರ್ಮಾನಗಳ ಹೊರಗಿದ್ದುದರಿಂದ ಪ್ರತಿಯೊಬ್ಬ ಕೃಷಿಕರ ಕೈಗೂ ಚೀಟಿ ಸಿಗುತ್ತಿತ್ತು.

ನಾಲ್ಕನೆಯ ದಿನ ಹಿರಿಯ ಕೃಷಿಕರೊಬ್ಬರು ಹಣಕ್ಕೆಂದು ಬಂದರು. ಅವರ ಲೆಕ್ಕದಲ್ಲಿ ಅಡಿಕೆಯೇ ಇಲ್ಲ. “ಚೀಟಿ ನನ್ನ ಕಿಸೆಯಲ್ಲಿ ಉಂಟು, ನಿಮ್ಮ ಪುಸ್ತಕದಲ್ಲಿ ಯಾಕಿಲ್ಲ?” ಎಂದು ಅವರು ಕೇಳಿದರು. ಉಗ್ರಾಣದಲ್ಲಿ ಅಳೆದು ನೋಡಿದರೆ ಲೆಕ್ಕಕ್ಕಿಂತ ಹೆಚ್ಚು ಅಡಿಕೆ. ಲೆಕ್ಕಕ್ಕೆ ಬಾರದ ಮಾಲು ಉಗ್ರಾಣದಲ್ಲಿದ್ದರೆ ಜನ ಏನೆಂದು ತಿಳಿಯುತ್ತಾರೆ? ಚೀಟಿ ಬರೆಯುತ್ತಿದ್ದ ಗುಮಾಸ್ತರು ಮೂವತ್ತು ವರ್ಷ ಅಲ್ಲಿ ದುಡಿದವರು. ಅವರಿಂದ ಲಿಖಿತ ವಿವರಣೆಯನ್ನು ಕೇಳಲಾಯಿತು. ಗಣಕ ತಪ್ಪು ಮಾಡುವುದಿಲ್ಲವೆಂಬ ನಂಬಿಕೆ ಆಗ ಎಲ್ಲರಲ್ಲಿಯೂ ಇತ್ತು; ತಪ್ಪು ಮಾಡಬಲ್ಲವನು ಮನುಷ್ಯನೊಬ್ಬನೇ.

ಅವರನ್ನು ಉಳಿಸಿದ್ದು ಹಳೆಯ ಅಭ್ಯಾಸ. ಯಂತ್ರ ಬಂದ ಮೇಲೆಯೂ ಅವರು ಪ್ರತಿ ಚೀಟಿಯ ಎರಡನೆಯ ಪ್ರತಿಯನ್ನು ಸೂಜಿಗೆ ಚುಚ್ಚಿ ಇಟ್ಟುಕೊಳ್ಳುತ್ತಿದ್ದರು. ಆ ಪ್ರತಿಗಳನ್ನು ಮುಂದಿಟ್ಟುಕೊಂಡು ರಾತ್ರಿ ಕುಳಿತು ಎಲ್ಲವನ್ನೂ ಮತ್ತೆ ದಾಖಲಿಸಿದೆವು. ದೋಷ ನನ್ನದೆಂದು ಆಡಳಿತ ಮಂಡಳಿಗೆ ಬರೆದುಕೊಟ್ಟೆ. ಯಾರ ಹಣವೂ ನಷ್ಟವಾಗಲಿಲ್ಲ. ಆದರೆ ಆ ನಾಲ್ಕು ದಿನ ಅವರ ಮುಖದಲ್ಲಿದ್ದ ಕಳವಳವನ್ನು ನಾನು ಈವರೆಗೂ ಮರೆತಿಲ್ಲ.

ನನ್ನ ತಪ್ಪು ಒಂದೇ ಫಾರಮನ್ನು ಬಳಸಿದ್ದರಲ್ಲಿ ಇರಲಿಲ್ಲ. ಗುಂಡಿಯ ಮೇಲಿನ ಬರಹ ಮನುಷ್ಯರಿಗಾಗಿ ಇರುವಂಥದು. ಅದು ಇಂದು ಇಂಗ್ಲಿಷಿನಲ್ಲಿರಬಹುದು, ನಾಳೆ ಕನ್ನಡಕ್ಕೋ ಮಲಯಾಳಕ್ಕೋ ತಿರುಗಬಹುದು. ಅದನ್ನೇ ಯಂತ್ರಕ್ಕೂ ಆಜ್ಞೆಯೆಂದು ಕೊಟ್ಟದ್ದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ತಿಳಿಯದ ಸಂದರ್ಭದಲ್ಲಿ ಅತ್ಯಂತ ಅಪಾಯದ ಕೆಲಸವನ್ನು ಮಾಡುವಂತೆ ಬರೆದದ್ದು. ಏನೆಂದು ತಿಳಿಯದಿದ್ದಾಗ ನಿಲ್ಲಬೇಕು, ಕೇಳಬೇಕು, ಅಳಿಸಬಾರದು.

ಇನ್ನು ಮೂರನೆಯ ದಾರಿ. ಇದರಲ್ಲಿ ಫಾರಮಿಗೆ ತನ್ನ ಕೆಲಸವೇನೆಂಬುದೇ ಗೊತ್ತಿರುವುದಿಲ್ಲ. ಅದರ ಹೊಣೆ ಎರಡು ಮಾತ್ರ: ಮನೆಗಳನ್ನು ಸರಿಯಾಗಿ ತುಂಬಿಸಿಕೊಳ್ಳುವುದು; ಗುಂಡಿ ಒತ್ತಿದಾಗ ‘ಒತ್ತಿದ್ದಾರೆ’ ಎಂದು ಕೂಗಿ ಹೇಳುವುದು. ಆ ಕೂಗನ್ನು ಕೇಳಿ ಏನು ಮಾಡಬೇಕೆಂಬುದನ್ನು ಫಾರಮನ್ನು ತೆರೆದವನು ನಿರ್ಧರಿಸುತ್ತಾನೆ. ಪುಸ್ತಕ ಸೇರಿಸುವ ಪಟ್ಟಿಯಿಂದ ತೆರೆದರೆ ಸೇರಿಸುವ ವಿಧಿ. ತಿದ್ದುವ ಪಟ್ಟಿಯಿಂದ ತೆರೆದರೆ ತಿದ್ದುವ ವಿಧಿ. ಮದುವೆಯ ಊಟಕ್ಕೆ ತಂದ ಕೊಪ್ಪರಿಗೆಯೇ ಶ್ರಾದ್ಧದ ಊಟಕ್ಕೂ ಆಗುತ್ತದೆ. ಒಳಗೆ ಏನು ಬೇಯಬೇಕೆಂದು ಹೇಳುವವರು ಮನೆಯವರು, ಕೊಪ್ಪರಿಗೆಯಲ್ಲ.

ಈ ವಿಚಾರಕ್ಕೆ ಸಾಕಷ್ಟು ವಯಸ್ಸಾಗಿದೆ. ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ ಎಂಬ ವಿಜ್ಞಾನಿ 1979ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿದ್ದಾಗ, ಮಾಹಿತಿ ಬೇರೆ, ಅದು ಕಾಣುವ ರೂಪ ಬೇರೆ, ಬಳಕೆದಾರನ ಆಜ್ಞೆಯನ್ನು ನಡೆಸುವ ಭಾಗ ಬೇರೆ ಎಂದು ವಿಭಾಗಿಸಿ ತೋರಿಸಿದರು. ‘ಮಾಡೆಲ್, ವ್ಯೂ, ಕಂಟ್ರೋಲರ್’ ಎಂದು ಇಂದಿನ ವಿದ್ಯಾರ್ಥಿಗಳು ಪಾಠ ಓದುವುದು ಇದನ್ನೇ. ಆದರೆ 1991ರಲ್ಲಿ ವಿಷುವಲ್ ಬೇಸಿಕ್ ಬಂದಾಗ ಒಂದು ದೊಡ್ಡ ಅನುಕೂಲದೊಂದಿಗೆ ಒಂದು ಕೆಟ್ಟ ಅಭ್ಯಾಸವೂ ಬಂತು. ಫಾರಮನ್ನು ಇಲಿಯಿಂದ ಎಳೆದು ಚಿತ್ರಿಸಬಹುದು. ಗುಂಡಿಯ ಮೇಲೆ ಎರಡು ಸಲ ಒತ್ತಿದರೆ ಕೋಡ್ ಬರೆಯುವ ಜಾಗ ತಾನಾಗಿ ತೆರೆದುಕೊಳ್ಳುತ್ತದೆ. ಇದರಿಂದ ಲಕ್ಷಾಂತರ ಮಂದಿ ಕ್ರಮವಿಧಿ ಬರೆಯಲು ಕಲಿತರು, ನಾನೂ ಅವರಲ್ಲೊಬ್ಬ. ಆದರೆ ಕೋಡ್ ಬರೆಯುವ ಜಾಗ ಗುಂಡಿಯ ಬೆನ್ನ ಹಿಂದೆಯೇ ಇದ್ದುದರಿಂದ ಗುಂಡಿಯೂ ಅದರ ಕೆಲಸವೂ ಒಂದೇ ಎಂಬ ಭ್ರಮೆ ನಮ್ಮಲ್ಲಿ ಬೇರೂರಿತು.

1995ರಲ್ಲಿ ಬೋರ್ಲ್ಯಾಂಡ್ ಸಂಸ್ಥೆ ಡೆಲ್ಫಿಯನ್ನು ಹೊರತಂದಿತು. ಅದರ ಮುಖ್ಯ ಶಿಲ್ಪಿ ಆಂಡರ್ಸ್ ಹೆಯ್ಲ್ಸ್‌ಬರ್ಗ್. ಅದರಲ್ಲಿ ‘ಆನ್‌ಕ್ಲಿಕ್’ ಎಂಬುದು ಗುಂಡಿಯ ಬಣ್ಣ, ಅಗಲಗಳಂತೆಯೇ ಅದರ ಒಂದು ಗುಣ. ಅಗಲವನ್ನು ಬದಲಿಸಿದಂತೆ, ಒತ್ತಿದಾಗ ನಡೆಯಬೇಕಾದ ವಿಧಿಯನ್ನೂ ಕ್ರಮವಿಧಿ ಓಡುತ್ತಿರುವಾಗಲೇ ಬದಲಿಸಿ ಕೂರಿಸಬಹುದು. ಮುಂದೆ ಅವರೇ ಮೈಕ್ರೋಸಾಫ್ಟಿಗೆ ಹೋಗಿ ಸಿ ಶಾರ್ಪ್ ಭಾಷೆಯನ್ನು ರೂಪಿಸಿದಾಗ ‘ಡೆಲಿಗೇಟ್’ ಎಂಬ ಹೆಸರಿನಲ್ಲಿ ಈ ವಿಚಾರವೇ ಅಲ್ಲಿಗೂ ಬಂತು. ಡೆಲಿಗೇಟ್ ಎಂದರೆ ಪ್ರತಿನಿಧಿ. ಒಂದು ಕೆಲಸವನ್ನೇ ಪೊಟ್ಟಣ ಕಟ್ಟಿ ಇನ್ನೊಬ್ಬರ ಕೈಗೆ ಒಪ್ಪಿಸುವ ಏರ್ಪಾಡು. ಜಾವಾದ ‘ಲಿಸನರ್’, ಕ್ಯೂಟಿಯ ‘ಸಿಗ್ನಲ್–ಸ್ಲಾಟ್’ ಎಲ್ಲವೂ ಇದೇ ಕುಟುಂಬದವು.

ವಿದ್ಯಾರ್ಥಿನಿಯವರು ಕಾರ್ಯತಃ ಮಾಡಬೇಕಾದುದು ಇಷ್ಟು. ಪುಸ್ತಕದ ವಿವರ ತುಂಬುವ ಮನೆಗಳನ್ನೆಲ್ಲ ಒಂದು ‘ಯೂಸರ್ ಕಂಟ್ರೋಲ್’ ಆಗಿ ಕಟ್ಟಿಡಿ. ಬೆಲೆಯ ಮನೆಯಲ್ಲಿ ಅಂಕಿಯೇ ಇರಬೇಕು, ಹೆಸರಿನ ಮನೆ ಬರಿದಾಗಿರಬಾರದು ಎಂಬ ತಪಾಸಣೆಗಳೂ ಅದರೊಳಗೇ ಇರಲಿ. ಅದನ್ನು ಹೊತ್ತ ಫಾರಂ ಒಂದೇ ಸಾಕು. ತೆರೆಯುವವನು ಅದಕ್ಕೆ ಮೂರು ಸಂಗತಿಗಳನ್ನು ಕೊಡಬೇಕು: ಮೇಲ್ಬರಹ, ಗುಂಡಿಯ ಬರಹ, ಗುಂಡಿ ಒತ್ತಿದಾಗ ನಡೆಯಬೇಕಾದ ವಿಧಿ. ಇದು ಕಷ್ಟವೆನಿಸಿದರೆ ಇನ್ನೂ ಸರಳವಾದ ಮಾರ್ಗವೊಂದಿದೆ. ಫಾರಮನ್ನು ‘ಶೋಡಯಲಾಗ್’ ಮೂಲಕ ತೆರೆಯಿರಿ. ಅದು ತುಂಬಿದ ವಿವರವನ್ನೂ ‘ಒಪ್ಪಿದರು’ ಅಥವಾ ‘ಬಿಟ್ಟರು’ ಎಂಬ ಉತ್ತರವನ್ನೂ ಮಾತ್ರ ಹಿಂದಿರುಗಿಸಲಿ. ಉಳಿಸುವುದೋ ತಿದ್ದುವುದೋ ಎಂಬುದನ್ನು ತೆರೆದವನೇ ಆಮೇಲೆ ಮಾಡಿಕೊಳ್ಳಲಿ. ಚಿಕ್ಕ ತಂತ್ರಾಂಶಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ.

ಈ ದಾರಿಯಲ್ಲಿಯೂ ಎರಡು ಹೊಂಡಗಳಿವೆ. ಮೊದಲನೆಯದು: ಒಮ್ಮೆ ತೆರೆದ ಫಾರಮನ್ನು ಮುಚ್ಚದೆ ಮರೆಮಾಡಿಟ್ಟು, ಮತ್ತೆ ಮತ್ತೆ ತೋರಿಸುವಾಗ ಪ್ರತಿ ಸಲವೂ ವಿಧಿಯನ್ನು ಸೇರಿಸುತ್ತ ಹೋದರೆ, ಹಳೆಯ ವಿಧಿ ತಾನಾಗಿ ಬಿಟ್ಟುಹೋಗುವುದಿಲ್ಲ. ಎರಡನೆಯ ಸಲ ಗುಂಡಿ ಒತ್ತಿದಾಗ ಕೆಲಸ ಎರಡು ಬಾರಿ ನಡೆಯುತ್ತದೆ. ಮೂರನೆಯ ಸಲ ಮೂರು ಬಾರಿ. ಒಂದೇ ಪುಸ್ತಕ ಪಟ್ಟಿಯಲ್ಲಿ ಮೂರಾಗಿ ಕಾಣಿಸಿದರೆ ಕಾರಣವನ್ನು ಇಲ್ಲಿ ಹುಡುಕಿ. ಎರಡನೆಯದು: ಮರೆಮಾಡಿಟ್ಟ ಫಾರಮಿನಲ್ಲಿ ಹಿಂದಿನವರು ತುಂಬಿದ ವಿವರ ಹಾಗೆಯೇ ಉಳಿದಿರುತ್ತದೆ. ಎರಡಕ್ಕೂ ಮದ್ದು ಒಂದೇ: ಪ್ರತಿ ಸಲವೂ ಹೊಸ ಫಾರಮನ್ನು ಹುಟ್ಟಿಸಿ, ಕೆಲಸ ಮುಗಿದ ಮೇಲೆ ಸಂಪೂರ್ಣವಾಗಿ ವಿಸರ್ಜಿಸಿ. ಇಂದಿನ ಗಣಕಕ್ಕೆ ಅದು ಭಾರವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಹೇಳಲೇಬೇಕು. ಮನೆಗಳು ಒಂದೇ ಆಗಿವೆ ಎಂಬ ಮಾತ್ರಕ್ಕೆ ಎಲ್ಲ ಕೆಲಸಗಳಿಗೂ ಒಂದೇ ಫಾರಂ ಯೋಗ್ಯವಲ್ಲ. 2020ರ ಆಗಸ್ಟ್ 11ರಂದು ಸಿಟಿಬ್ಯಾಂಕಿನಲ್ಲಿ ನಡೆದ ಪ್ರಮಾದ ಇದಕ್ಕೆ ಜಗತ್ತಿಗೇ ತಿಳಿದ ಉದಾಹರಣೆ. ರೆವ್ಲಾನ್ ಎಂಬ ಪ್ರಸಾಧನ ಸಾಮಗ್ರಿಗಳ ಸಂಸ್ಥೆಗೆ ಸಾಲ ಕೊಟ್ಟವರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿಯನ್ನು ಬ್ಯಾಂಕು ಹಂಚಬೇಕಾಗಿತ್ತು. ಅಲ್ಲಿ ಬಳಸುತ್ತಿದ್ದ ತಂತ್ರಾಂಶದಲ್ಲಿ ಆ ದಿನದ ಕೆಲಸಕ್ಕೆಂದೇ ಬೇರೆ ಫಾರಂ ಇರಲಿಲ್ಲ. ಸಾಲವನ್ನೆಲ್ಲ ತೀರಿಸುವ ಫಾರಮನ್ನೇ ತೆರೆದು, ಅಸಲಿನ ಮೊತ್ತ ಹೊರಗೆ ಹೋಗದೆ ಬ್ಯಾಂಕಿನದೇ ಆಂತರಿಕ ಖಾತೆಗೆ ತಿರುಗುವಂತೆ ಮೂರು ಮನೆಗಳಲ್ಲಿ ಗುರುತು ಹಾಕಬೇಕಾಗಿತ್ತು. ಹಾಕಿದ್ದು ಒಂದರಲ್ಲಿ ಮಾತ್ರ. ತುಂಬಿದವರು, ಪರಿಶೀಲಿಸಿದವರು, ಒಪ್ಪಿಗೆ ಕೊಟ್ಟವರು ಹೀಗೆ ಮೂವರು ನೋಡಿಯೂ ಯಾರಿಗೂ ದೋಷ ಕಾಣಲಿಲ್ಲ. ಸುಮಾರು 90 ಕೋಟಿ ಡಾಲರ್ ಹೊರಗೆ ಹೋಯಿತು. ಸುಮಾರು 50 ಕೋಟಿಯಷ್ಟನ್ನು ಪಡೆದವರು ಹಿಂದಿರುಗಿಸಲು ಒಪ್ಪಲಿಲ್ಲ. 2021ರ ಫೆಬ್ರವರಿಯಲ್ಲಿ ಕೆಳಗಿನ ನ್ಯಾಯಾಲಯ ಬ್ಯಾಂಕಿನ ವಿರುದ್ಧ ತೀರ್ಪಿತ್ತಿತು. 2022ರ ಸೆಪ್ಟೆಂಬರಿನಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿದ ಮೇಲೆಯೇ ಬ್ಯಾಂಕು ನಿಟ್ಟುಸಿರು ಬಿಟ್ಟದ್ದು.

ಅಲ್ಲಿಯ ನೌಕರರು ಅಜಾಗರೂಕರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಬಡ್ಡಿ ಕೊಡುವ ಕೆಲಸಕ್ಕೂ ಸಾಲ ತೀರಿಸುವ ಕೆಲಸಕ್ಕೂ ಒಂದೇ ಮುಖ ಕೊಟ್ಟರೆ, ನೋಡಿದವರ ಕಣ್ಣು ತಾನು ಕಾಣಬಯಸಿದ್ದನ್ನೇ ಕಾಣುತ್ತದೆ. ಜೆರಾಕ್ಸ್ ಪಾರ್ಕ್, ಆಪಲ್ ಸಂಸ್ಥೆಗಳಲ್ಲಿ ದುಡಿದ ಲ್ಯಾರಿ ಟೆಸ್ಲರ್ ಜೀವಮಾನವಿಡೀ ಹೋರಾಡಿದ್ದು ಇದರ ವಿರುದ್ಧವೇ. ಒಂದೇ ಕೀಲಿ, ಒಂದೇ ಗುಂಡಿ ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಕೆಲಸ ಮಾಡುವುದನ್ನು ಇಂಗ್ಲಿಷಿನಲ್ಲಿ ‘ಮೋಡ್’ ಎನ್ನುತ್ತಾರೆ. ತಮ್ಮ ಕಾರಿನ ಸಂಖ್ಯಾಫಲಕದಲ್ಲಿಯೂ ‘ನೋ ಮೋಡ್ಸ್’ ಎಂದು ಹಾಕಿಸಿಕೊಂಡವರು ಅವರು. ತಾನು ಈಗ ಯಾವ ಸ್ಥಿತಿಯಲ್ಲಿದ್ದೇನೆಂದು ಬಳಕೆದಾರನಿಗೆ ತಿಳಿಯದಿದ್ದರೆ ತಪ್ಪು ತಂತ್ರಾಂಶದ್ದೇ ಹೊರತು ಅವನದಲ್ಲ ಎಂಬುದು ಆ ವಾದದ ತಿರುಳು.

ಆದುದರಿಂದ ನನ್ನ ಸಲಹೆ: ಸೇರಿಸುವುದಕ್ಕೂ ತಿದ್ದುವುದಕ್ಕೂ ಒಂದೇ ಫಾರಂ ಇರಲಿ. ಎರಡರಲ್ಲಿಯೂ ಮನುಷ್ಯ ಮಾಡುವುದು ಒಂದೇ, ವಿವರ ಬರೆಯುವುದು. ಪುಸ್ತಕವನ್ನು ಪಟ್ಟಿಯಿಂದ ತೆಗೆಯುವುದಕ್ಕೆ ಬೇರೆಯೇ ಒಂದು ಚಿಕ್ಕ ಕಿಟಕಿಯನ್ನು ಮಾಡಿ. ಅಲ್ಲಿ ಬರೆಯುವ ಮನೆಗಳೇ ಬೇಡ. ಪುಸ್ತಕದ ಹೆಸರು ದೊಡ್ಡದಾಗಿ ಕಾಣಲಿ. ಗುಂಡಿಯ ಮೇಲೆ ‘ಸರಿ’ ಎಂದಿರದೆ ‘ಪಟ್ಟಿಯಿಂದ ತೆಗೆಯಿರಿ’ ಎಂದೇ ಇರಲಿ. ಗುಂಡಿ ತಾನು ಮಾಡುವ ಕೆಲಸವನ್ನು ತನ್ನ ಮೈಮೇಲೆ ಹೇಳಿಕೊಳ್ಳಬೇಕು.

ನಮ್ಮಂತಹ ಗಡಿನಾಡಿನವರಿಗೆ ಇದರಲ್ಲೊಂದು ವಿಶೇಷ ಪ್ರಯೋಜನವೂ ಇದೆ. ಬರಹವೂ ಕೆಲಸವೂ ಬೇರೆಯಾದರೆ ಬರಹಗಳನ್ನೆಲ್ಲ ಪ್ರತ್ಯೇಕ ಕಡತದಲ್ಲಿಡಬಹುದು. ವಿಂಡೋಸ್ ಫಾರಂಗಳಲ್ಲಿ ಇದಕ್ಕೆಂದೇ ಏರ್ಪಾಡಿದೆ: ಫಾರಮಿನ ‘ಲೋಕಲೈಜಬಲ್’ ಗುಣವನ್ನು ಒಪ್ಪಿಸಿ, ಭಾಷೆಯನ್ನು ಆರಿಸಿ, ಆಯಾ ಭಾಷೆಯ ಬರಹವನ್ನು ತುಂಬಿದರಾಯಿತು. ಈಗ ಯುನಿಕೋಡ್ ಇರುವುದರಿಂದ ಅಕ್ಷರಗಳ ಮುದ್ದೆಯ ಕಾಟವೂ ಇಲ್ಲ. ಒಂದೇ ಫಾರಂ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ತೆರೆಯುತ್ತದೆ. ಗುಂಡಿಯ ಕೆಲಸ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಕನ್ನಡ ಹಾಕಿದರೆ ತಂತ್ರಾಂಶ ಕೆಡುತ್ತದೆ ಎಂಬ ನೆಪ ನಮ್ಮ ಕಚೇರಿಗಳಲ್ಲಿ ಆಗಾಗ ಕೇಳಿಬರುತ್ತದೆ. ಕೆಡುವುದು ಕನ್ನಡದಿಂದಲ್ಲ; ನಾನು ಬರೆದಂತೆ ಬರೆದ ಕೋಡಿನಿಂದ.

ಕೊನೆಗೆ ಒಂದು ಪರೀಕ್ಷೆ. ಯೋಜನೆಯನ್ನು ಅಧ್ಯಾಪಕರಿಗೆ ಒಪ್ಪಿಸುವ ಮೊದಲು ಎಲ್ಲ ಗುಂಡಿಗಳ ಮೇಲಿನ ಬರಹವನ್ನೂ ಅಳಿಸಿ, ಬರಿದಾದ ಗುಂಡಿಗಳನ್ನೇ ಒತ್ತಿ ನೋಡಿ. ಪುಸ್ತಕ ಸೇರಬೇಕಾದಲ್ಲಿ ಸೇರಿ, ತಿದ್ದಬೇಕಾದಲ್ಲಿ ತಿದ್ದಿ, ಎಲ್ಲವೂ ಮೊದಲಿನಂತೆಯೇ ನಡೆದರೆ ನಿಮ್ಮ ಕಟ್ಟೋಣ ಸರಿಯಾಗಿದೆ ಎಂದರ್ಥ. ಆ ಮೇಲೆ ಬರಹವನ್ನು ಮರಳಿ ಹಾಕಿ, ನಿಮ್ಮ ಗ್ರಂಥಪಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಿಂದಲೇ ಹತ್ತು ಪುಸ್ತಕ ದಾಖಲಿಸಿ. ಮುದ್ರಣವನ್ನು ನೋಡಿ ತೃಪ್ತರಾಗದೆ ಪಟ್ಟಿಯನ್ನು ತೆರೆದು ಎಣಿಸಿ. ಆ ಸಂಜೆ ನಾನು ಇಷ್ಟು ಮಾಡಿದ್ದರೆ ಸಾಕಿತ್ತು.